ಫೋಟೊ ನೋಡಿ ಬ್ಯಾಟಿಗೆ ಬೆಲೆ ಹೇಳುವುದನ್ನು ನಿಲ್ಲಿಸುತ್ತಿದ್ದೇವೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ಏಪ್ರಿಲ್ 1ರಿಂದ ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬಂದ ಫೋಟೊ ನೋಡಿ ಹಳೆಯ ಬೇಸ್‌ಬಾಲ್ ಬ್ಯಾಟಿಗೆ ನಾವು ಬೆಲೆ ಹೇಳುವುದಿಲ್ಲ. ಬ್ಯಾಟು ನಮ್ಮ ಮೇಜಿನ ಮೇಲೆ ಬಂದು, ತೂಗಿ, ಅಳೆದು, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಬೆಲೆ.

ಪ್ರಮಾಣಪತ್ರವೂ ಬದಲಾಗುತ್ತದೆ. "ಪಂದ್ಯದಲ್ಲಿ ಬಳಸಿದ್ದು" ಎಂದು ಒಂದೇ ಸಾಲು ಬರೆದು ಸಹಿ ಹಾಕುವ ಪದ್ಧತಿ ಇನ್ನಿಲ್ಲ. ಇನ್ನು ಮುಂದೆ ಅದರಲ್ಲಿ ಮೂರು ಪ್ರಶ್ನೆಗಳಿಗೆ ಬೇರೆಬೇರೆಯಾಗಿ ಉತ್ತರ ಇರುತ್ತದೆ: ಈ ಬ್ಯಾಟನ್ನು ಕಾರ್ಖಾನೆ ಹೆಸರಿಸಿದ ಆಟಗಾರನಿಗೆಂದೇ ಮಾಡಿತ್ತೇ? ಇದರಲ್ಲಿ ಯಾರಾದರೂ ನಿಜವಾಗಿ ಆಡಿದ್ದಾರೆಯೇ? ಆಡಿದವನು ಅವನೇ ಎನ್ನುವುದಕ್ಕೆ ಏನು ಆಧಾರ? ಮೊದಲ ಎರಡಕ್ಕೆ ಹೌದು ಎಂದು ಬಂದು ಮೂರನೆಯದಕ್ಕೆ ಉತ್ತರವೇ ಸಿಗದ ಬ್ಯಾಟುಗಳು ಬೇಕಾದಷ್ಟಿವೆ. ತಂಡದ ಗೆಳೆಯ ಎರವಲು ಪಡೆದಿರಬಹುದು, ಅಭ್ಯಾಸಕ್ಕೆ ಕೊಟ್ಟಿರಬಹುದು, ಕೆಳದರ್ಜೆಯ ಲೀಗಿನ ಹುಡುಗರ ಕೈಗೆ ಹೋಗಿರಬಹುದು. ಮೂರನ್ನೂ ಒಂದೇ ಸಾಲಿನಲ್ಲಿ ಮುಚ್ಚಿಟ್ಟರೆ ಕೊಂಡವರಿಗೂ ಮೋಸ, ಮಾರಿದವರಿಗೂ ಮೋಸ.

ಶುಲ್ಕ ಹೆಚ್ಚಿಸಿಲ್ಲ. ಸಾಗಣೆ ಖರ್ಚು ಎರಡೂ ಕಡೆಯದು ನಿಮ್ಮದೇ. ಹತ್ತು ದಿನದಲ್ಲಿ ಸಿಗುತ್ತಿದ್ದ ವರದಿಗೆ ಈಗ ಇಪ್ಪತ್ತೈದು ದಿನ ಹಿಡಿಯುತ್ತದೆ.

ಹಾಗೆಂದು ಫೋಟೊ ಕಳಿಸಲೇಬೇಡಿ ಎನ್ನುತ್ತಿಲ್ಲ. ಬ್ಯಾಟನ್ನು ಇಲ್ಲಿಗೆ ಕಳಿಸುವುದು ಸಾರ್ಥಕವೋ ಅಲ್ಲವೋ ಎಂದು ಫೋಟೊ ನೋಡಿ ಉಚಿತವಾಗಿ ತಿಳಿಸುತ್ತೇವೆ. ಎಸ್ಟೇಟ್ ಸೇಲ್‌ಗಳಲ್ಲಿ, ಗರಾಜ್ ಸೇಲ್‌ಗಳಲ್ಲಿ ಸಿಗುವ ಬ್ಯಾಟುಗಳಲ್ಲಿ ಬಹುಪಾಲು ಅಂಗಡಿ ಬ್ಯಾಟುಗಳು, ಅಂದರೆ ವೃತ್ತಿಪರ ಆಟಗಾರರಿಗೆಂದಲ್ಲದೆ ಸಾರ್ವಜನಿಕರಿಗೆ ಮಾರಲು ಮಾಡಿದವು. ಅವನ್ನು ಬೇರ್ಪಡಿಸಲು ಫೋಟೊ ಸಾಕು, ಮೊದಲ ಜರಡಿಯನ್ನು ನೀವೇ ಹಿಡಿಯಬಹುದು.

ಮೊದಲು ನಾಬು ನೋಡಿ, ಅಂದರೆ ಹಿಡಿಯ ತುದಿಯ ಗುಂಡು. ಅಮೆರಿಕದ ಹೆಸರಾಂತ ಬ್ರ್ಯಾಂಡ್ ಲೂಯಿವಿಲ್ ಸ್ಲಗ್ಗರ್ ಬ್ಯಾಟಿನ ನಾಬಿನ ಮೇಲೆ 33, 34, 35 ಎಂದು ಬರೀ ಉದ್ದದ ಅಂಕಿ ಒತ್ತಿದ್ದರೆ ಅದು ಅಂಗಡಿಯಲ್ಲಿ ಮಾರಿದ್ದು. ವೃತ್ತಿಪರ ಆಟಗಾರರ ಬ್ಯಾಟಿನ ನಾಬಿನ ಮೇಲೆ ಉದ್ದ ಒತ್ತುತ್ತಿರಲಿಲ್ಲ. 1940ರ ದಶಕದ ಮಧ್ಯದಿಂದ 1975ರವರೆಗೆ ಅಲ್ಲಿ ಮಾದರಿ ಸಂಖ್ಯೆ ಇರುತ್ತದೆ, S2, U1 ಎಂಬಂತೆ ಒಂದು ಅಕ್ಷರ ಮತ್ತು ಅಂಕಿ. 1976ರಿಂದ ಅದೇ ಸಂಖ್ಯೆ ಬ್ಯಾರೆಲ್ ಮೇಲಕ್ಕೆ, ಅಂದರೆ ಚೆಂಡು ಹೊಡೆಯುವ ದಪ್ಪ ಭಾಗಕ್ಕೆ ಹೋಯಿತು. ನಡುವಿನ ಸುಟ್ಟೊತ್ತಿದ ಮುದ್ರೆಯನ್ನೂ ನೋಡಿ. ಅಲ್ಲಿ 125 ಎಂದಿದ್ದ ಮಾತ್ರಕ್ಕೆ ವೃತ್ತಿಪರ ಬ್ಯಾಟಲ್ಲ, ಅಂಗಡಿ ಬ್ಯಾಟಿನಲ್ಲೂ 125 ಇತ್ತು. ಆದರೆ 40 ಎಂಬ ಅಂಕಿಯ ಜೊತೆ ಆಟಗಾರನ ಹೆಸರಿನ ಮೊದಲ ಅಕ್ಷರಗಳಿದ್ದರೆ, ದಂತಕಥೆಯಾದ ಆಟಗಾರ ಬೇಬ್ ರೂತ್ ಹೆಸರಿನ 40 B.R. ಇದ್ದಂತೆ, ಅದು ಅಂಗಡಿಯದೇ. ಬ್ಯಾರೆಲ್ ಮೇಲೆ ರೂತ್ ಸಹಿಯ ಅಚ್ಚು ಕಂಡು ಎದೆ ಹಾರಿದವರು ಮೊದಲು ಈ ಅಂಕಿ ನೋಡಿಕೊಳ್ಳಿ.

ಮಾದರಿ ಸಂಖ್ಯೆಯ ಅಕ್ಷರ ಬ್ಯಾಟನ್ನು ಬಳಸಿದವನ ಹೆಸರಿನದು ಎಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ಸಂಖ್ಯೆಯ ಮೊದಲಿರುವ ಅಕ್ಷರ ಆ ಆಕಾರದ ಬ್ಯಾಟನ್ನು ಮೊದಲು ಮಾಡಿಸಿಕೊಂಡವನ ಮನೆತನದ ಹೆಸರಿನದು, ಅಷ್ಟೇ. C271 ಹೊಸೆ ಕಾರ್ಡೆನಾಲ್‌ಗೆಂದು ಕಡೆದ ಆಕಾರ. ಅದನ್ನೇ ಕೆನ್ ಗ್ರಿಫಿ ಜೂನಿಯರ್ ಹಿಡಿದ, ಇನ್ನೂ ಎಷ್ಟೋ ಮಂದಿ ಹಿಡಿದರು. ಹ್ಯಾಂಕ್ ಆ್ಯರನ್ ಬಳಸಿದ S2 ವರ್ನ್ ಸ್ಟೀಫನ್ಸ್‌ನ ಆಕಾರ. U1 ಎಂಬುದು ಉಹಾಲ್ಟ್ ಎಂಬ ಆಟಗಾರನಿಂದ ಬಂದದ್ದು. ಅದಕ್ಕೆ ನಾಬೇ ಇಲ್ಲವೆನ್ನಬೇಕು, ಹಿಡಿ ತುದಿಯಲ್ಲಿ ಅಗಲವಾಗಿ ಮುಗಿದುಬಿಡುತ್ತದೆ. ರಾಬರ್ಟೊ ಕ್ಲೆಮೆಂಟೆಯ ಹೆಸರು ಅದಕ್ಕೆ ಅಂಟಿಕೊಂಡಿದ್ದು ಆಮೇಲೆ. ಹಾಗಾಗಿ ಸಂಖ್ಯೆ ಆಟಗಾರನನ್ನು ಸಾಬೀತು ಮಾಡುವುದಿಲ್ಲ. ಆ ಆಟಗಾರ ಯಾವತ್ತೂ ತರಿಸಿಕೊಳ್ಳದ ಸಂಖ್ಯೆಯಾದರೆ ಮಾತ್ರ ಅವನ ಹೆಸರನ್ನು ತಳ್ಳಿಹಾಕಲು ನೆರವಾಗುತ್ತದೆ.

ಮುದ್ರೆಯಿಂದ ಕಾಲ ಗೊತ್ತಾಗುತ್ತದೆ. ಅದರಲ್ಲಿ ಲೂಯಿವಿಲ್ ಸ್ಲಗ್ಗರ್ ತಯಾರಿಸಿದ ಕಂಪನಿಯ ಹೆಸರಿರುತ್ತದೆ: 1916ರ ಮೊದಲಿನದಾದರೆ ಜೆ.ಎಫ್. ಹಿಲೆರಿಕ್ ಮತ್ತು ಮಗನ ಹೆಸರು, ಆಮೇಲಿನದಾದರೆ ಹಿಲೆರಿಕ್ ಆ್ಯಂಡ್ ಬ್ರಾಡ್ಸ್‌ಬಿ. "ಪವರೈಸ್ಡ್" ಎಂಬ ಪದ ಬರುವುದು 1930ರ ದಶಕದ ಆರಂಭದಲ್ಲಿ. 1980ರ ಆಸುಪಾಸಿನಲ್ಲಿ ಕಂಪನಿಯ ಹೆಸರಿದ್ದ ಜಾಗಕ್ಕೆ ಲೂಯಿವಿಲ್ ಸ್ಲಗ್ಗರ್ ಎಂಬ ದೊಡ್ಡ ಅಕ್ಷರಗಳು ಬಂದವು. ಬ್ಯಾರೆಲ್ ತುದಿಯಲ್ಲಿ ಬಟ್ಟಲಿನಂತೆ ಕೊರೆದಿದ್ದರೆ ನೆನಪಿಡಿ: ದೊಡ್ಡ ಲೀಗುಗಳ, ಅಂದರೆ ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳ ನಿಯಮ ಅದಕ್ಕೆ ಒಪ್ಪಿದ್ದು 1975ರಲ್ಲಿ. 1960ರ ದಶಕದ ಆಟಗಾರನ ಪಂದ್ಯದ ಬ್ಯಾಟು ಎನ್ನುವುದರಲ್ಲಿ ಆ ಬಟ್ಟಲು ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಮೇಪಲ್ ಮರವೂ ಹಾಗೆಯೇ. ದೊಡ್ಡ ಲೀಗಿನಲ್ಲಿ ಅದು ಚಾಲ್ತಿಗೆ ಬಂದದ್ದು 1990ರ ದಶಕದ ಕೊನೆಗೆ. ಹಳೆಯ ಬ್ಯಾಟುಗಳು ಹೆಚ್ಚಾಗಿ ಆಶ್, ಇನ್ನೂ ಹಿಂದಕ್ಕೆ ಹೋದರೆ ಹಿಕರಿ.

ಇಷ್ಟನ್ನು ಫೋಟೊದಲ್ಲಿ ನೋಡಬಹುದು. ಇಲ್ಲಿಂದ ಮುಂದಿನದು ಕೈಗೆ ಬರದೆ ಆಗುವುದಿಲ್ಲ.

ತೂಕದಿಂದ ಶುರು ಮಾಡೋಣ. 1930ರಿಂದೀಚೆಗೆ ಯಾವ ಆಟಗಾರನಿಗೆ ಯಾವ ದಿನ ಯಾವ ಮಾದರಿ, ಎಷ್ಟು ಉದ್ದ, ಎಷ್ಟು ತೂಕದ ಬ್ಯಾಟು ಹೋಯಿತು ಎನ್ನುವ ಲೂಯಿವಿಲ್ ಕಾರ್ಖಾನೆಯ ದಾಖಲೆಗಳಿವೆ, ಅಲ್ಲಲ್ಲಿ ಕೊರತೆಯಿದ್ದರೂ ಬಹಳ ಉಪಯುಕ್ತ. ನಿಮ್ಮ ಬ್ಯಾಟನ್ನು ಅದರೊಂದಿಗೆ ತಾಳೆ ನೋಡಬೇಕಾದರೆ ಉದ್ದ ಕಾಲಿಂಚಿನವರೆಗೆ, ತೂಕ ಹತ್ತನೇ ಒಂದು ಔನ್ಸ್‌ವರೆಗೆ ಗೊತ್ತಿರಬೇಕು. ಆಶ್ ಮರ ದಶಕಗಳಲ್ಲಿ ಒಣಗಿ ಒಂದೆರಡು ಔನ್ಸ್ ಕಳೆದುಕೊಳ್ಳುತ್ತದೆ. ದಾಖಲೆಯಲ್ಲಿ 35 ಔನ್ಸ್ ಇದ್ದು ಬ್ಯಾಟು ಈಗ 33.6 ತೂಗಿದರೆ ಅನುಮಾನ ಬೇಡ. ದಾಖಲೆಗಿಂತ ಹೆಚ್ಚು ತೂಗಿದರೆ ಮಾತ್ರ ನಾವು ಎಚ್ಚರವಾಗುತ್ತೇವೆ: ಮೇಲೆ ಟೇಪು, ಪೈನ್ ಟಾರ್ (ಹಿಡಿತ ಜಾರದಂತೆ ಹಚ್ಚುವ ಅಂಟು) ಎಷ್ಟಿದೆ, ಬಿರುಕಿಗೆ ಅಂಟು ಸುರಿದಿದ್ದಾರೆಯೇ, ಅಥವಾ ಇದು ಬೇರೆಯದೇ ಬ್ಯಾಟೇ ಎಂದು ನೋಡುತ್ತೇವೆ. ಮನೆಯಲ್ಲಿ ಅಡುಗೆಯ ತಕ್ಕಡಿಯಿದ್ದರೆ ಗ್ರಾಂ ಅಂಕಿಯನ್ನು 28.35ರಿಂದ ಭಾಗಿಸಿ ಔನ್ಸ್ ಮಾಡಿ ಅರ್ಜಿಯಲ್ಲಿ ಬರೆಯಿರಿ.

ಇನ್ನು ಬಳಕೆಯ ಗುರುತುಗಳು. ಸುಳ್ಳು ಹೆಚ್ಚು ಸೇರಿಕೊಳ್ಳುವುದು ಇಲ್ಲೇ, ನಮ್ಮ ಹೆಚ್ಚಿನ ಹೊತ್ತು ಹೋಗುವುದೂ ಇದರಲ್ಲೇ.

ಆಶ್ ಬ್ಯಾಟಿನಲ್ಲಿ ಮುದ್ರೆ ಒತ್ತುವುದು ಮರದ ಎಳೆ ಅಗಲವಾಗಿ ಹರಡಿ ಕಾಣುವ ಮುಖದ ಮೇಲೆ. ಚೆಂಡು ತಾಗಬೇಕಾದದ್ದು ಅದರಿಂದ ಕಾಲು ಸುತ್ತು ಪಕ್ಕಕ್ಕೆ, ಎಳೆಗಳು ಒತ್ತೊತ್ತಾಗಿ ಸಾಲುಗಟ್ಟಿದ ಅಂಚಿನ ಮುಖಕ್ಕೆ. ಮುದ್ರೆಯನ್ನು ಮೇಲಕ್ಕಿಟ್ಟು ನಾಬಿನ ಕಡೆಯಿಂದ ಬ್ಯಾರೆಲ್ ಕಡೆಗೆ ನೋಡಿದರೆ ಬಲಗೈ ಆಟಗಾರನ ಹೊಡೆತಗಳು ಎಡಬದಿಯಲ್ಲಿ, ಎಡಗೈಯವನವು ಬಲಬದಿಯಲ್ಲಿ ಇರಬೇಕು. ಕೆಲವರು ಮುದ್ರೆಯನ್ನು ಕೆಳಗೆ ಮಾಡಿ ಆಡುತ್ತಿದ್ದರು, ಅವರಲ್ಲಿ ಇದು ತಿರುವುಮುರುವಾಗುತ್ತದೆ. ಆದರೆ ಬಲಗೈ ಇಲ್ಲವೇ ಎಡಗೈ, ಒಂದೇ ರೀತಿಯಲ್ಲಿ ಆಡಿದವನ ಬ್ಯಾಟಿನ ಸುತ್ತಲೂ ಒಂದೇ ಸಮ ಗುರುತುಗಳಿದ್ದರೆ ಅದು ಒಬ್ಬನ ಕೈಯಲ್ಲಿ ಸವೆದದ್ದಲ್ಲ. ಯಾರೋ ಅದನ್ನು ತಿರುಗಿಸಿ ತಿರುಗಿಸಿ ಬಡಿದಿದ್ದಾರೆ.

ಹೊಡೆತದ ಗುರುತನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಒಳ್ಳೆಯ ಬ್ಯಾಟಿನಲ್ಲಿ ಚೆಂಡಿನ ಹೊಲಿಗೆಯ ಅಚ್ಚು ಕಾಣುತ್ತದೆ, ಪುಟ್ಟ ಪುಟ್ಟ ಓರೆಗೆರೆಗಳ ಸಾಲು. ಆ ತಗ್ಗಿನ ತಳದಲ್ಲಿ ಕೆಲವೊಮ್ಮೆ ದಾರದ ಬಣ್ಣವೂ ಉಳಿದಿರುತ್ತದೆ. 1930ರ ದಶಕದ ಆರಂಭದವರೆಗೆ ಅಮೆರಿಕನ್ ಲೀಗಿನ ಚೆಂಡಿಗೆ ಕೆಂಪು ಮತ್ತು ನೀಲಿ ದಾರ, ನ್ಯಾಷನಲ್ ಲೀಗಿನದಕ್ಕೆ ಕೆಂಪು ಮತ್ತು ಕಪ್ಪು. ಆಮೇಲೆ ಎರಡಕ್ಕೂ ಕೆಂಪೇ. 1920ರ ದಶಕದ ಅಮೆರಿಕನ್ ಲೀಗಿನ ಬ್ಯಾಟಿನ ತಗ್ಗಿನಲ್ಲಿ ನೀಲಿಯ ಒಂದು ಚುಕ್ಕೆ ಸಿಕ್ಕರೆ ನಾವು ಅದನ್ನು ಅಕ್ಷರಶಃ ಚಿನ್ನದಂತೆ ನೋಡಿಕೊಳ್ಳುತ್ತೇವೆ. ಫೋನಿನ ಕ್ಯಾಮೆರಾದಲ್ಲಿ ಇದು ಒಂದು ಮಸುಕು ಕಲೆಯಷ್ಟೇ.

ಪೈನ್ ಟಾರ್ ಹಚ್ಚಿ ಹಳೆಯದು ಎಂದು ತೋರಿಸುವುದು ಸುಲಭ. ನಿಜವಾದ ಬಳಕೆಯ ಟಾರ್ ಪದರಪದರವಾಗಿ, ಮೇಲುಕೈ ಹಿಡಿಯುವ ಜಾಗದಲ್ಲಿ ದಪ್ಪನಾಗಿ, ಅಂಚಿನಲ್ಲಿ ತೆಳುವಾಗುತ್ತಾ ಹೋಗಿರುತ್ತದೆ. ದೂಳು, ಬಟ್ಟೆಯ ಎಳೆ, ಮಣ್ಣು ಒಳಗೇ ಸೇರಿಕೊಂಡಿರುತ್ತವೆ. ಆಮೇಲೆ ಬಳಿದದ್ದು ಬಿರುಕಿನ ಒಳಕ್ಕೆ ಇಳಿದಿರುತ್ತದೆ. ಬಿರುಕು ಬಿಟ್ಟ ಬ್ಯಾಟನ್ನು ಪಂದ್ಯಕ್ಕೆ ಹಿಡಿಯುವುದಿಲ್ಲವಾದ್ದರಿಂದ ಬಿರುಕಿನ ಒಳಗೋಡೆಗೆ ಟಾರ್ ಮೆತ್ತಿದ್ದರೆ ಪ್ರಶ್ನೆ ಏಳುತ್ತದೆ. ಸಹಿಗೂ ಇದೇ ಪರೀಕ್ಷೆ. ಶಾಯಿ ಬಿರುಕಿನೊಳಗೆ ಹರಿದಿದ್ದರೆ ಸಹಿ ಬಿದ್ದಿದ್ದು ಬ್ಯಾಟು ಒಡೆದ ಮೇಲೆ, ಶಾಯಿಯ ಗೆರೆ ಬಿರುಕಿನ ಎರಡೂ ದಡದಲ್ಲಿ ಚೊಕ್ಕವಾಗಿ ಕಡಿದಿದ್ದರೆ ಒಡೆಯುವ ಮೊದಲು.

ನಾಬಿನ ಮೇಲೆ ಕೈಬರಹದ ಜೆರ್ಸಿ ಸಂಖ್ಯೆ ಇದ್ದರೆ ಸಂತೋಷವೇ. ಆದರೆ ರೂತ್ ಆಡುತ್ತಿದ್ದ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳು ಬೆನ್ನಿಗೆ ಸಂಖ್ಯೆಯನ್ನು ಕಾಯಂ ಮಾಡಿಕೊಂಡದ್ದು 1929ರಲ್ಲಿ. ರೂತ್‌ನ 1920ರ ದಶಕದ ಮೊದಲ ವರ್ಷಗಳ ಬ್ಯಾಟಿನ ಮೇಲೆ ಅವನ ಸಂಖ್ಯೆ 3 ಇದ್ದರೆ ಅದನ್ನು ಬರೆದದ್ದು ಆಮೇಲಿನವರು. ಕಾರ್ಖಾನೆಗೆ ಮಾದರಿಯಾಗಿ ಮರಳಿದ ಬ್ಯಾಟುಗಳ ಮೇಲೆ ಕೆಲಸಗಾರರು ಬ್ಯಾರೆಲ್ ಉದ್ದಕ್ಕೂ ಮೇಣದ ಪೆನ್ಸಿಲಿನಲ್ಲಿ ಹೆಸರು, ದಿನಾಂಕ, ತೂಕ ಬರೆಯುತ್ತಿದ್ದರು. "ಇದೇ ತರಹ ಮಾಡಿಕೊಡಿ" ಎಂದು ಆಟಗಾರನೇ ಕಳಿಸಿದ್ದಕ್ಕೆ ಆ ಬರಹ ಸಾಕ್ಷಿ. ಬ್ಯಾಟು ಅವನ ಕೈಯಲ್ಲಿತ್ತು ಎಂದು ಹೇಳಬಲ್ಲ ಬಲವಾದ ಗುರುತು ಇದು. ಆದರೆ ಬಹಳ ಸೂಕ್ಷ್ಮ, ಉಜ್ಜಿದರೆ ಮಾಸಿಹೋಗುತ್ತದೆ.

ಇಲ್ಲಿ ನಮ್ಮದೊಂದು ಕಳಕಳಿಯ ವಿನಂತಿ. ಊರಲ್ಲಿ ಕ್ರಿಕೆಟ್ ಬ್ಯಾಟಿಗೆ ಲಿನ್ಸೀಡ್ ಎಣ್ಣೆ ಕುಡಿಸಿ ಬೆಳೆದ ಕೈಗಳು ನಮ್ಮವು. ಹಳೆಯ ಬ್ಯಾಟು ಒಣಗಿ ಬಿಳಚಿಕೊಂಡಿದ್ದು ಕಂಡರೆ ಎಣ್ಣೆ ಹಚ್ಚಬೇಕೆನಿಸುವುದು ಸಹಜ. ದಯವಿಟ್ಟು ಹಚ್ಚಬೇಡಿ. ಎಣ್ಣೆ ಮರವನ್ನು ಕಪ್ಪಾಗಿಸುತ್ತದೆ, ಪೆನ್ಸಿಲ್ ಬರಹವನ್ನು ಕರಗಿಸುತ್ತದೆ, ತೂಕ ಹೆಚ್ಚಿಸುತ್ತದೆ, ಹೊಲಿಗೆಯ ಅಚ್ಚಿನಲ್ಲಿ ಉಳಿದಿದ್ದ ಬಣ್ಣವನ್ನು ಅಳಿಸಿಹಾಕುತ್ತದೆ. ಮರಳು ಕಾಗದ, ವಾರ್ನಿಷ್, ಸೋಪುನೀರು ಯಾವುದೂ ಬೇಡ. ಒಣ ಮೆತ್ತನೆ ಕುಂಚದಿಂದ ದೂಳು ಕೊಡವಿ, ಸಾಕು.

ಮೂರನೆಯ ಪ್ರಶ್ನೆಗೆ ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಅಂದಿನ ಪಂದ್ಯದ ಛಾಯಾಚಿತ್ರದೊಂದಿಗೆ ತಾಳೆಯಾಗುವುದು. ಮರದ ಎಳೆ ಬೆರಳಚ್ಚಿದ್ದಂತೆ, ಎರಡು ಬ್ಯಾಟುಗಳಲ್ಲಿ ಒಂದೇ ಬಗೆಯಾಗಿ ಬರುವುದಿಲ್ಲ. ಗಂಟು, ಎಳೆಯ ತಿರುವು, ಮುದ್ರೆ ಓರೆಯಾಗಿ ಬಿದ್ದ ರೀತಿ, ಇವು ಎರಡು ಮೂರು ಕಡೆ ಕೂಡಿಬಂದರೆ ನಾವು ಹೌದು ಎನ್ನುತ್ತೇವೆ. ಹಳೆಯ ಕಾಲದ ಚಿತ್ರಗಳಲ್ಲಿ ಬ್ಯಾಟಿನ ಮುಖ ಸ್ಪಷ್ಟವಾಗಿರುವುದು ಅಪರೂಪ, ಅದಕ್ಕೇ ತಾಳೆಯಾದ ಬ್ಯಾಟಿನ ಬೆಲೆ ಒಮ್ಮೆಲೇ ಏರುತ್ತದೆ.

ಬೆಲೆಯನ್ನು ಇನ್ನು ಮುಂದೆ ಒಂದೇ ಅಂಕಿಯಲ್ಲಿ ಕೊಡದೆ ಕೆಳಮಿತಿ, ಮೇಲ್ಮಿತಿ ಎರಡನ್ನೂ ಬರೆಯುತ್ತೇವೆ. ಅದೇ ಆಟಗಾರ, ಅದೇ ಮುದ್ರೆಯ ಕಾಲ, ಹತ್ತಿರದ ಸ್ಥಿತಿಯ ಬ್ಯಾಟುಗಳು ಕಳೆದ ಐದು ವರ್ಷಗಳಲ್ಲಿ ಹರಾಜಿನಲ್ಲಿ ತಂದ ಮೊತ್ತವೇ ಇದಕ್ಕೆ ಆಧಾರ. ರೂತ್ 1923ರ ಏಪ್ರಿಲ್ 18ರಂದು ಯಾಂಕೀ ಸ್ಟೇಡಿಯಂನ ಮೊದಲ ಹೋಮ್ ರನ್ ಹೊಡೆದ ಬ್ಯಾಟು 2004ರಲ್ಲಿ ಸುಮಾರು 12.65 ಲಕ್ಷ ಡಾಲರಿಗೆ ಹೋಯಿತು. ಆ ಅಂಕಿ ಹಿಡಿದುಕೊಂಡು ನಮ್ಮಲ್ಲಿಗೆ ಬರುವವರಿದ್ದಾರೆ. ಅಷ್ಟು ಹಣ ಬಂದದ್ದು ರೂತ್ ಎಂಬ ಹೆಸರೊಂದಕ್ಕೇ ಅಲ್ಲ, ಯಾವ ದಿನದ ಯಾವ ಹೊಡೆತ ಎಂದು ಹೇಳಬಲ್ಲ ಇತಿಹಾಸಕ್ಕೆ. ಬಿರುಕು ಬಿಟ್ಟರೆ ಬೆಲೆ ಇಳಿಯುತ್ತದಾದರೂ ನೆಲ ಕಚ್ಚುವುದಿಲ್ಲ. ಬಿರುಕನ್ನು ಅಂಟಿಸಿ, ಉಜ್ಜಿ, ಬಣ್ಣ ಕೂಡಿಸಿ ಮುಚ್ಚಿದ್ದರೆ ಮಾತ್ರ ಇಳಿತ ದೊಡ್ಡದು, ಏಕೆಂದರೆ ಆ ಜಾಗದ ಸಾಕ್ಷಿಯೂ ಅದರೊಂದಿಗೇ ಹೋಗಿರುತ್ತದೆ.

ಕಳಿಸುವ ಮೊದಲು ಆರು ಫೋಟೊ ಬೇಕು: ಪೂರ್ತಿ ಬ್ಯಾಟು, ನಾಬು ನೇರವಾಗಿ, ನಡುವಿನ ಮುದ್ರೆ, ಬ್ಯಾರೆಲ್ ಮೇಲಿನ ಹೆಸರು, ಬ್ಯಾರೆಲ್ ತುದಿ, ಮತ್ತು ಹಿಡಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಕಳಿಸಿ ಎಂದು ನಾವು ಹೇಳಿದ ಮೇಲೆ ಮೊದಲು ಆಮ್ಲರಹಿತ ಟಿಶ್ಯೂ ಕಾಗದ ಸುತ್ತಿ, ಅದರ ಮೇಲೆ ಬಬಲ್ ರ‍್ಯಾಪ್. ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಬೇಸಿಗೆಯ ಸೆಕೆಗೆ ಟಾರ್ ಅದಕ್ಕೆ ಅಂಟಿ ಕಿತ್ತುಬರುತ್ತದೆ. ಮರಕ್ಕೆ ತಾಗುವಂತೆ ಸೆಲೊಟೇಪ್ ಹಾಕಲೇಬೇಡಿ. 40 ಇಂಚಿಗಿಂತ ಕಡಿಮೆಯಿಲ್ಲದ ಗಟ್ಟಿ ರಟ್ಟಿನ ಕೊಳವೆಯಲ್ಲಿಟ್ಟು ಎರಡೂ ತುದಿಗೆ ಕಾಗದ ತುರುಕಿ, ಅಲುಗಾಡಿಸಿದರೆ ಸದ್ದು ಬರಬಾರದು. ಬ್ಯಾಟಿನ ಜೊತೆ ಬಂದ ಹಳೆಯ ಪತ್ರ, ರಸೀದಿ, ಫೋಟೊಗಳ ಪ್ರತಿ ಕಳಿಸಿ, ಮೂಲವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ನಮ್ಮಿಂದ ಈಗಾಗಲೇ ಒಂದು ಸಾಲಿನ ಪ್ರಮಾಣಪತ್ರ ಪಡೆದವರಿಗೆ ಡಿಸೆಂಬರ್ 31ರವರೆಗೆ ಮರುಪರಿಶೀಲನೆ ಉಚಿತ. ಆ ಬ್ಯಾಟುಗಳ ಮಟ್ಟಿಗೆ ಹೋಗಿಬರುವ ಸಾಗಣೆ ಖರ್ಚೂ ನಮ್ಮದೇ. ಹೊಸ ವರದಿಯಲ್ಲಿ ಮೂರನೆಯ ಉತ್ತರ "ಆಧಾರ ಸಾಲದು" ಎಂದು ಬಂದರೆ ಮೊದಲು ಕೊಟ್ಟ ಶುಲ್ಕವನ್ನೂ ಹಿಂದಿರುಗಿಸುತ್ತೇವೆ. ಈ ತಿಂಗಳ ಕೊನೆಯೊಳಗೆ ಬಂದ ಫೋಟೊಗಳಿಗೆ ಹಳೆಯ ಕ್ರಮದಲ್ಲೇ ಅಂದಾಜು ಕೊಡುತ್ತೇವೆ, ಆದರೆ ಅದರ ಮೇಲೆ "ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡಿಲ್ಲ" ಎಂದು ಬರೆದಿರುತ್ತದೆ. ಮಾರುವಾಗ ಆ ಸಾಲನ್ನು ಕತ್ತರಿಸದೆ ಕೊಳ್ಳುವವರಿಗೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಪರಿಶೀಲನೆ ಮತ್ತು ಮೌಲ್ಯಮಾಪನ ವಿಭಾಗ