ಗೂಬೆಗೊಂದು ಪತ್ರ

ಲೋ ಗೂಬೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪತ್ರ ಬರೆದು ಹಾಕಿದರೆ ನಾಲ್ಕು ಜನ ಓದುತ್ತಾರೆ, ನಾಲ್ಕು ಲೈಕೂ ಬೀಳುತ್ತೆ. ಹಸಿರು ಶರ್ಟಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೌದು, ಇನ್ನೂ ಅದೇ ಕೆಲಸ. ಗ್ರೀಟಿಂಗ್ ಕಾರ್ಡಿಗೆ ಸಾಲು ಬರೆದು ಮಾರುವುದು. "ಅದರಲ್ಲಿ ದುಡ್ಡು ಬರುತ್ತಾ?" ಅಂತ ನೀನು ಕೇಳಿದಾಗಲೆಲ್ಲ ಮಾತು ತಿರುಗಿಸಿದ್ದೇನೆ. ಬರುತ್ತೆ ಮಾರಾಯ, ಆದರೆ ಸಂಬಳದ ಹಾಗಲ್ಲ. ಕಾರ್ಡ್ ಕಂಪನಿಗೆ ಹತ್ತು-ಹದಿನೈದು ಐಡಿಯಾ ಒಟ್ಟಿಗೆ ಕಳಿಸಬೇಕು. ಒಂದೊಂದಕ್ಕೂ ಒಂದು ನಂಬರ್. ಹೊರಪುಟಕ್ಕೆ ಇಷ್ಟು ಮಾತು, ಒಳಪುಟಕ್ಕೆ ಇಷ್ಟು. ಅದೃಷ್ಟ ಇದ್ದರೆ ಒಂದೋ ಎರಡೋ ಆಯ್ಕೆಯಾಗುತ್ತೆ. ಸಾಮಾನ್ಯವಾಗಿ ದುಡ್ಡು ಒಂದೇ ಸಲ, ಆಮೇಲೆ ಹಕ್ಕೆಲ್ಲ ಅವರದು. ಆ ಕಾರ್ಡು ಲಕ್ಷ ಮಾರಾಟವಾದರೂ ನನಗೆ ಅಷ್ಟೇ. ಕ್ರಿಸ್‌ಮಸ್ ಸಾಲು ತಿಂಗಳುಗಟ್ಟಲೆ ಮುಂಚೆ ಬೇಕು, ಹಾಗಾಗಿ ಬೆವರು ಒರೆಸಿಕೊಳ್ಳುತ್ತಾ ಹಿಮದ ಬಗ್ಗೆ ಬರೆಯುತ್ತೇನೆ. 2002ರಲ್ಲಿ ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೋ ಅಲ್ಲಿನ ಕಾರ್ಡ್ ಕಂಪನಿ ಹಾಲ್‌ಮಾರ್ಕ್‌ಗೆ ಬರೆದಾಗ ಅವರ ಹೆಸರು ಹಾಕಿಯೇ ಮಾರಿದರು. ನನ್ನ ಹೆಸರು ಅಚ್ಚಾಗುವುದು ಕರೆಂಟ್ ಬಿಲ್ಲಿನಲ್ಲಿ.

ಸಾಲು ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರು ಯಾರಿಗೆ ಕಳಿಸುತ್ತಾರೆ ಅಂತ ತಕ್ಷಣ ಹೊಳೆಯದಿದ್ದರೆ ಮೂಲೆಗೆ. ಅಕ್ಕನಿಗೂ ಹೊಂದಬೇಕು, ಆಫೀಸಿನ ಬಾಸಿಗೂ ಹೊಂದಬೇಕು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನುವವನು ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದನಲ್ಲ, ಒಂದಕ್ಕೆ ಒಂದು ಶಿಲ್ಲಿಂಗ್, ಅದರಲ್ಲೇ ಕಳಿಸುವವರ ಹೆಸರಿಗೂ ಪಡೆಯುವವರ ಹೆಸರಿಗೂ ಜಾಗ ಖಾಲಿ ಬಿಟ್ಟಿದ್ದರು. ನಾನು ಬರೆಯುವುದೂ ಆ ಖಾಲಿ ಜಾಗಕ್ಕೇ. ಯಾರ ಹೆಸರಾದರೂ ಅಲ್ಲಿ ಕೂರಬೇಕು ಅಂದರೆ ಸಾಲಿನೊಳಗೆ ಇರುವ ಮನುಷ್ಯರನ್ನು ಎಬ್ಬಿಸಿ ಕಳಿಸಬೇಕು. ಅವರ ನಾಯಿ, ಅವರ ಕೆಮ್ಮು, ಅವರ ಸಿಟ್ಟು, ಎಲ್ಲ ಔಟ್.

ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ.

ನಿಮ್ಮಮ್ಮ ಹೋದ ಮೇಲೆ ಒಂದು ರಾತ್ರಿ ಫೋನ್ ಮಾಡಿದ್ದೆಯಲ್ಲ, ಆಗ ನೀನು ಅಳುತ್ತಾ ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೀ "ಹೂಂ" ಅಂದೆ. ಇವನಿಗೂ ಗಂಟಲು ಕಟ್ಟಿದೆ ಅಂದುಕೊಂಡಿರುತ್ತೀಯ. ಕಟ್ಟಿತ್ತು, ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ತಲೆ ನಿನ್ನ ಮಾತನ್ನು ಎರಡಾಗಿ ಕತ್ತರಿಸುತ್ತಿತ್ತು. ಅರ್ಧ ಹೊರಪುಟಕ್ಕೆ, ಅರ್ಧ ಒಳಪುಟಕ್ಕೆ. 'ಅಮ್ಮ' ತೆಗೆದರೆ ಅಪ್ಪನಿಗೂ ಅಜ್ಜಿಗೂ ಆಗುತ್ತೆ ಅಂತ ಲೆಕ್ಕ ಬೇರೆ. ಫೋನಿಟ್ಟ ಮೇಲೆ ಬರೆದಿಟ್ಟೆ. ನಂಬರೂ ಕೊಟ್ಟೆ, ಸಂ-31. 'ಸಂ' ಅಂದರೆ ಸಂತಾಪ.

ಯಾರಿಗೂ ಕಳಿಸಿಲ್ಲ. ಹರಿದೂ ಹಾಕಿಲ್ಲ. ನಿನಗೇ ಅಂತ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಬರುವುದೆಲ್ಲ ಯಾರಿಗಾದರೂ ಸಲ್ಲುವ ಮಾತು. ಅಮ್ಮ ನನ್ನನ್ನು ಬೈಯುತ್ತಿದ್ದ ರೀತಿ ಬರೆಯಲು ಹೋದೆ. ಇದು ಬೇರೆ ಯಾರಿಗೆ ಹೊಂದುತ್ತೆ ಅಂತ ಕೈ ತಾನಾಗಿ ನಿಂತುಬಿಟ್ಟಿತು. ಈ ಕೆಲಸ ನನಗೆ ಇಷ್ಟ ಕಣೋ. ಅದಕ್ಕೇ ಭಯ.

ಸಾಕು, ಜಾಸ್ತಿ ಆಯ್ತು. ಅಳುವ ಎಮೋಜಿ ಹಾಕಲು ಹೊರಟವರು ದಯವಿಟ್ಟು ತಡೆದುಕೊಳ್ಳಿ. ವ್ಯವಹಾರ ಹೇಳಿಬಿಡುತ್ತೇನೆ: ನೀನು ಹೂಂ ಅಂದು, ಸಂ-31 ಎಂದಾದರೂ ಮಾರಾಟವಾದರೆ ಅರ್ಧ ನಿನ್ನದು. ರಾಯಲ್ಟಿಯ ಕನಸು ಕಾಣಬೇಡ. ನಿನ್ನ ಹುಟ್ಟುಹಬ್ಬಕ್ಕೆ ಕಾರ್ಡನ್ನೂ ಕಾಯಬೇಡ. ಅಂಗಡಿಯಲ್ಲಿ ಅದರ ರೇಟು ನೋಡಿದ್ದೀಯಾ?

ಇಂತಿ ನಿನ್ನ,
ಮೂರನೇ ಬೆಂಚಿನ ಮಹಾಕವಿ