ಕೋಹೆನ್‌ರ ಯುರೋಪ್ ಕಛೇರಿಗಳು: ವಿಮರ್ಶೆಗೆ ಪಕ್ಕವಾದ್ಯವೂ ಕೇಳಿಸಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಲಿಯೊನಾರ್ಡ್ ಕೋಹೆನ್ ಅವರ ಯುರೋಪ್ ಪ್ರವಾಸಗಳ ಸಂಗೀತ ಕಛೇರಿಗಳ ಧ್ವನಿಮುದ್ರಿಕೆಗಳ ಬಗ್ಗೆ ಪ್ರಕಟವಾದ ವಿಮರ್ಶೆಯನ್ನು ಆಸಕ್ತಿಯಿಂದ ಓದಿದೆ. ಕೆನಡಾದ ಈ ಕವಿ-ಗಾಯಕರಿಗೆ ಕನ್ನಡ ಪತ್ರಿಕೆಯೊಂದು ಇಷ್ಟು ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ವಿಮರ್ಶಕರು ಎಲ್ಲ ಮುದ್ರಿಕೆಗಳನ್ನೂ ಒಂದೇ ಗುಂಪಿಗೆ ಸೇರಿಸಿ, ಹಳೆಯ ಹಾಡುಗಳನ್ನು ಕುಗ್ಗಿದ ಕಂಠದಲ್ಲಿ ಮತ್ತೆ ಹಾಡಿದ ನೆನಪಿನ ಕಾಣಿಕೆಗಳು ಇವು ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಈ ಹಾಡುಗಳನ್ನು ಬಹುಕಾಲದಿಂದ ಕೇಳುತ್ತ ಬಂದಿರುವ ನನಗೆ ಆ ತೀರ್ಮಾನವನ್ನು ಒಪ್ಪಲಾಗುತ್ತಿಲ್ಲ.

ಮೊದಲಿಗೆ ಕಾಲದ ಲೆಕ್ಕವನ್ನು ಗಮನಿಸಬೇಕು. 'ಫೀಲ್ಡ್ ಕಮಾಂಡರ್ ಕೋಹೆನ್' ಮುದ್ರಿಕೆ ಹೊರಬಂದದ್ದು 2001ರಲ್ಲಾದರೂ ಅದರಲ್ಲಿರುವ ಹಾಡುಗಳನ್ನು ಅವರು ಹಾಡಿದ್ದು 1979ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ಮತ್ತು ಬ್ರೈಟನ್ನಿನ ಡೋಮ್ ಸಭಾಂಗಣಗಳಲ್ಲಿ, ತಮ್ಮ 45ನೇ ವಯಸ್ಸಿನಲ್ಲಿ. 'ಲೈವ್ ಇನ್ ಲಂಡನ್' 2008ರ ಜುಲೈ 17ರ ಒಂದೇ ಸಂಜೆಯ ಕಛೇರಿ. ಆಗ ಅವರಿಗೆ 73. 'ಲೈವ್ ಇನ್ ಡಬ್ಲಿನ್' 2013ರ ಸೆಪ್ಟೆಂಬರ್ 12ರದು. 79 ತುಂಬಲು ಒಂಬತ್ತು ದಿನ ಬಾಕಿಯಿದ್ದಾಗ ಅವರು ಮೂರು ಗಂಟೆ ಹಾಡಿದ ರಾತ್ರಿ ಅದು. ಇವುಗಳ ನಡುವೆ ಐದು ವರ್ಷ ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಝೆನ್ ಬೌದ್ಧ ಮಠದ ವಾಸವಿದೆ, ಪ್ರವಾಸವೇ ಇಲ್ಲದ ಹದಿನೈದು ವರ್ಷಗಳಿವೆ, ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣದ ಬಹುಪಾಲು ಕೈತಪ್ಪಿ ಮತ್ತೆ ವೇದಿಕೆ ಹತ್ತಬೇಕಾದ ಅನಿವಾರ್ಯತೆಯಿದೆ. ಮೂವತ್ತನಾಲ್ಕು ವರ್ಷಗಳಷ್ಟು ಹರಡಿಕೊಂಡಿರುವ ಈ ಹಾಡುಗಾರಿಕೆಯನ್ನು ಒಂದೇ ಮಾತಿನಲ್ಲಿ ಮುಗಿಸಲು ಹೇಗೆ ಸಾಧ್ಯ?

ಕಂಠ ಕುಗ್ಗಿತು ಎಂಬ ಮಾತನ್ನು ಈ ಮೂರೂ ಮುದ್ರಿಕೆಗಳಲ್ಲಿರುವ 'ಬರ್ಡ್ ಆನ್ ದ ವೈರ್' ಹಾಡಿನಲ್ಲೇ ಪರೀಕ್ಷಿಸಬಹುದು. 1979ರಲ್ಲಿ ಅವರು ಆ ಹಾಡಿನ ಏರುಸಾಲುಗಳಲ್ಲಿ ಕಂಠವನ್ನು ಮೇಲಕ್ಕೆ ಒಯ್ಯಲು ಯತ್ನಿಸುತ್ತಾರೆ, ಆ ಯತ್ನದ ಶ್ರಮವೂ ಕೇಳುಗನಿಗೆ ತಿಳಿಯುತ್ತದೆ. 2008ರ ಹೊತ್ತಿಗೆ ಹಾಡು ಬ್ಲೂಸ್ ಎಂಬ ಅಮೆರಿಕದ ಹಾಡುಗಾರಿಕೆಯ ನಡೆಯ ವಿಳಂಬಕ್ಕೆ ಬಂದಿದೆ. ಸಾಲು ಮಂದ್ರಕ್ಕಿಳಿದು, ಮಾತಿಗೂ ಗಾನಕ್ಕೂ ನಡುವಿನ ಒಂದು ಜಾಗದಲ್ಲಿ ನಿಂತು, ಪ್ರತಿಯೊಂದು ಪದಕ್ಕೂ ಬೇಕಾದಷ್ಟು ಬಿಡುವು ಪಡೆಯುತ್ತದೆ. ಕ್ಷಮೆ ಕೇಳುವವನೊಬ್ಬನ ಹಾಡಿಗೆ ಈ ನಿಧಾನವೇ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. 'ಟವರ್ ಆಫ್ ಸಾಂಗ್' ಹಾಡಿನಲ್ಲಿ ತನ್ನದು ಹುಟ್ಟಿನಿಂದ ಬಂದ ಬಂಗಾರದ ಕಂಠ ಎಂಬ ಸಾಲು ಬಂದಾಗ ಲಂಡನ್ನಿನ ಸಭೆ ಹರ್ಷೋದ್ಗಾರ ಮಾಡುತ್ತದೆ. ಆ ಕಂಠದ ಮಿತಿಯನ್ನು ಚೆನ್ನಾಗಿ ಅರಿತೇ ಅದನ್ನು ಪ್ರೀತಿಸಿದ ಜನರ ಉದ್ಗಾರ ಅದು.

ವಿಮರ್ಶೆಯಲ್ಲಿ ನನಗೆ ಅತ್ಯಂತ ದೊಡ್ಡ ಕೊರತೆಯಾಗಿ ಕಂಡದ್ದು ಪಕ್ಕವಾದ್ಯದವರ ಬಗೆಗಿನ ಮೌನ. 1979ರ ಪ್ರವಾಸದಲ್ಲಿ ಬಾಸ್ ಗಿಟಾರ್ ನುಡಿಸಿದ ರಾಸ್ಕೊ ಬೆಕ್ ಅವರೇ 2008ರಲ್ಲಿ ಇಡೀ ತಂಡದ ಸಂಗೀತ ನಿರ್ದೇಶಕರು. ಅಂದು ಜೆನಿಫರ್ ವಾರ್ನ್ಸ್ ಜೊತೆಯಲ್ಲಿ ಸಹಗಾಯನಕ್ಕೆ ನಿಂತಿದ್ದ ಶರೋನ್ ರಾಬಿನ್ಸನ್ ಲಂಡನ್ನಿನಲ್ಲಿಯೂ ಇದ್ದಾರೆ, ಡಬ್ಲಿನ್ನಿನಲ್ಲಿಯೂ ಇದ್ದಾರೆ. 1979ರ ಗಿಟಾರ್ ವಾದಕ ಮಿಚ್ ವಾಟ್ಕಿನ್ಸ್ ಡಬ್ಲಿನ್ನಿನ ವೇದಿಕೆಗೆ ಮರಳಿ ಬಂದಿದ್ದಾರೆ. ಇಷ್ಟು ದೀರ್ಘ ಸಾಂಗತ್ಯವಿರುವ ತಂಡಕ್ಕೆ ಗಾಯಕನ ಉಸಿರು ಎಲ್ಲಿ ಮುಗಿಯುತ್ತದೆಂಬುದು ಗೊತ್ತಿರುತ್ತದೆ. ಅವರು ಸಾಲಿನ ಕೊನೆಯನ್ನು ಎತ್ತಿಹಿಡಿಯುವ ಬಗೆಯಲ್ಲಿಯೇ ಅದು ಕಿವಿಗೆ ಸ್ಪಷ್ಟವಾಗುತ್ತದೆ.

'ದ ಜಿಪ್ಸೀಸ್ ವೈಫ್' ಹಾಡನ್ನು ಇದೇ ಕಾರಣಕ್ಕೆ ಮೂರು ಮುದ್ರಿಕೆಗಳಲ್ಲಿಯೂ ಸಾಲಾಗಿ ಕೇಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇನೆ. 1979ರಲ್ಲಿ ಜಾನ್ ಬಿಲೆಜಿಕ್ಜಿಯನ್ ಅವರ ಊದ್ ಎಂಬ ಅರಬ್ ತಂತಿವಾದ್ಯ ಮತ್ತು ರಾಫಿ ಹಕೋಪಿಯನ್ ಅವರ ಪಿಟೀಲು ಆ ಹಾಡಿಗೆ ಪೂರ್ವದೇಶಗಳ ಬಣ್ಣ ಕೊಟ್ಟಿದ್ದವು. 2008ರಲ್ಲಿ ಪಿಟೀಲಿಲ್ಲ, ಸ್ಪೇನ್‌ನ ಹಾವಿಯೆರ್ ಮಾಸ್ ಒಬ್ಬರೇ ತಮ್ಮ ತಂತಿವಾದ್ಯಗಳಿಂದ ಆ ಸ್ಥಾನವನ್ನು ತುಂಬುತ್ತಾರೆ. ಡಬ್ಲಿನ್ನಿನಲ್ಲಿ ಮಾಸ್ ಅವರೊಂದಿಗೆ ಮೊಲ್ಡೊವಾ ಮೂಲದ ಅಲೆಕ್ಸಾಂದ್ರು ಬುಬ್ಲಿಚಿಯವರ ಪಿಟೀಲು ಸೇರಿದಾಗ, ಮೂರು ದಶಕಗಳ ಹಿಂದಿನ ಆ ನಾದ ಮತ್ತೆ ಹಾಡಿಗೆ ಒದಗುತ್ತದೆ, ಆದರೆ ಈಗ ಅದರ ಕೆಳಗೆ ಓಡುತ್ತಿರುವ ಗಾಯಕನ ಧ್ವನಿ ಸಂಪೂರ್ಣ ಬೇರೆಯದು. ಮೂರರಲ್ಲಿ ನನಗೆ ಡಬ್ಲಿನ್ನಿನದೇ ಹೆಚ್ಚು ಪ್ರಿಯ.

ಎಲ್ಲವೂ ಉತ್ತಮವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಹೆಚ್ಚಿನ ಕೇಳುಗರು ಮೆಚ್ಚಿರುವ ಲಂಡನ್ನಿನ ಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್ ಹಲವು ಕಡೆ ಅಗತ್ಯಕ್ಕಿಂತ ನುಣುಪಾಗಿದ್ದು, ಸಾಹಿತ್ಯದ ಕಹಿಯನ್ನು ಮೃದುಗೊಳಿಸಿಬಿಡುತ್ತದೆ. ಈ ಹಿಂದೆ ಲಂಡನ್ನಿನ ವೇದಿಕೆಯಲ್ಲಿ ನಿಂತಾಗ ತಾನು ಅರವತ್ತು ವರ್ಷದ ಹುಚ್ಚುಕನಸಿನ ಹುಡುಗನಾಗಿದ್ದೆ ಎಂದು ಕೋಹೆನ್ ಸಭೆಗೆ ಹೇಳುವ ಮಾತು ಸೊಗಸಾಗಿದೆ. ಆದರೆ ಆ ಪ್ರವಾಸದ ಬೇರೆ ಊರುಗಳಲ್ಲೂ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದರಾದ್ದರಿಂದ ಅದನ್ನು ಆ ಸಂಜೆಯ ಸ್ಫೂರ್ತಿಯೆಂದು ಹೊಗಳುವುದು ತರವಲ್ಲ. ಇದಕ್ಕೆ ಎದುರಾಗಿ, 'ಇಫ್ ಇಟ್ ಬಿ ಯುವರ್ ವಿಲ್' ಹಾಡಿನ ಸಾಲುಗಳನ್ನು ತಾವು ಓದಿ, ಹಾಡುವ ಹೊಣೆಯನ್ನು ಸಹಗಾಯಕಿಯರಾದ ವೆಬ್ ಸಹೋದರಿಯರಿಗೆ ಬಿಟ್ಟುಕೊಡುವ ಆ ಭಾಗ, ತನ್ನದೇ ಕಛೇರಿಯಲ್ಲಿ ಹಿಂದೆ ಸರಿದು ನಿಲ್ಲಬಲ್ಲ ಹಿರಿಯ ಕಲಾವಿದನೊಬ್ಬನ ಔದಾರ್ಯವನ್ನು ತೋರಿಸುತ್ತದೆ. ವಿಮರ್ಶೆಯಲ್ಲಿ ಅದರ ಉಲ್ಲೇಖವೇ ಇಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಓದುಗರಿಗೆ ತಿಳಿಸಬೇಕಿತ್ತು. 2010ರ 'ಸಾಂಗ್ಸ್ ಫ್ರಮ್ ದ ರೋಡ್' ಮುದ್ರಿಕೆಯು ಹೆಲ್ಸಿಂಕಿ, ಗ್ಲಾಸ್ಗೋ ಮೊದಲಾದ ಯುರೋಪಿನ ನಗರಗಳ ಜೊತೆಗೆ ಟೆಲ್ ಅವೀವ್‌ನಂಥ ಹೊರಗಿನ ಊರುಗಳಲ್ಲಿಯೂ ಹಾಡಿದ ಹಾಡುಗಳ ಆಯ್ಕೆ. ಇಂಥ ಸಂಕಲನದಲ್ಲಿ ಪ್ರತಿ ಹಾಡಿನ ಉತ್ತಮ ರೂಪ ಸಿಗಬಹುದು, ಆದರೆ ಕಛೇರಿಯೊಂದು ಆರಂಭದಿಂದ ಕಾವೇರುತ್ತ ಹೋಗುವ ಕ್ರಮ ಸಿಗುವುದಿಲ್ಲ. ಒಂದೇ ರಾತ್ರಿಯ ಇಡೀ ಕಛೇರಿಯಲ್ಲಿ ಗಾಯಕ ದಣಿಯುವುದೂ ಚೇತರಿಸಿಕೊಳ್ಳುವುದೂ ಕೇಳಿಸುತ್ತದೆ. ಡಬ್ಲಿನ್ನಿನಲ್ಲಿ ಮೂರನೆಯ ಗಂಟೆಯ ಹಾಡುಗಳು ಮೊದಲ ಗಂಟೆಯವಕ್ಕಿಂತ ಹೆಚ್ಚು ಹಗುರವಾಗಿರುವುದು ಇಂಥ ಅಖಂಡ ಮುದ್ರಿಕೆಯಿಂದಲೇ ನಮಗೆ ತಿಳಿದುಬರುವ ಸಂಗತಿ.

ಆದ್ದರಿಂದ ಮುಂದೆ ಕಛೇರಿ ಮುದ್ರಿಕೆಗಳ ವಿಮರ್ಶೆಯನ್ನು ಪ್ರಕಟಿಸುವಾಗ, ಹಾಡಿದ ಊರು ಮತ್ತು ದಿನಾಂಕ, ಅದು ಒಂದು ರಾತ್ರಿಯದೋ ಹಲವು ರಾತ್ರಿಗಳ ಆಯ್ಕೆಯೋ ಎಂಬ ವಿವರ, ಪಕ್ಕವಾದ್ಯದವರ ಹೆಸರು, ಇವಿಷ್ಟನ್ನಾದರೂ ಲೇಖನದ ಜೊತೆಯಲ್ಲಿ ಕೊಡಬೇಕೆಂದು ಕೋರುತ್ತೇನೆ. ಸಾಧ್ಯವಾದರೆ 1979ರ ಮುದ್ರಿಕೆಯ ಬಗ್ಗೆ ಅದೇ ವಿಮರ್ಶಕರಿಂದ ಪ್ರತ್ಯೇಕ ಲೇಖನವನ್ನೂ ಬರೆಯಿಸಿರಿ. ಕೋಹೆನ್ ಅವರ ಕಛೇರಿ ಮುದ್ರಿಕೆಗಳಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ