ಬಟ್ಟೆ ಜಾರಿದರೆ ಎಂದು ಕೇಳಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ಮೂಲ್ಕಿಗೆ ಸರ್ಫಿಂಗ್ ಕಲಿಯಲು ಹೋಗುವ ಸಂಭ್ರಮವನ್ನು ಎರಡು ಪುಟ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಲೆ ಬಡಿದಾಗ ಬಟ್ಟೆ ಜಾರಿದರೆ? ದಡದ ತುಂಬ ಜನ ಇರ್ತಾರಲ್ಲ ದೊಡ್ಡಮ್ಮ." ಉಳಿದದ್ದೆಲ್ಲ ಮರೆತುಹೋಯಿತು, ಆ ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ತಪ್ಪು ಬಟ್ಟೆಯಾದರೆ ಜಾರಿಯೇ ಜಾರುತ್ತದೆ ಕಣೇ. ಅದು ನಿನ್ನ ಮೈಯ ತಪ್ಪಲ್ಲ, ಬಟ್ಟೆಯದು, ಹೊಲಿಗೆಯದು. ಹತ್ತಿಯ ಟೀ ಶರ್ಟ್ ನೀರು ಕುಡಿದು ಜೋಲುತ್ತದೆ. ನೀರು ಕೆಳಗಿನಿಂದ ನುಗ್ಗಿತೆಂದರೆ ಕುತ್ತಿಗೆವರೆಗೂ ಏರುತ್ತದೆ. ಬರೀ ಎಲಾಸ್ಟಿಕ್ ಇರುವ ಪ್ಯಾಂಟನ್ನು ಅದೇ ಅಲೆ ಕೆಳಗೆ ಎಳೆಯುತ್ತದೆ.

ಅಲೆಯ ಮೇಲೆ ನಿಲ್ಲುವ ಆ ಹಲಗೆ ಇದೆಯಲ್ಲ, ಕಾಲು ಜಾರದಿರಲೆಂದು ಅದಕ್ಕೆ ಮೇಣ ತಿಕ್ಕಿರುತ್ತಾರೆ. ಮೇಣ, ಮರಳು, ಉಪ್ಪು ಸೇರಿ ತೊಡೆ, ಹೊಟ್ಟೆಯ ಚರ್ಮ ಕಿತ್ತುಬರುತ್ತದೆ. ಸರ್ಫಿಂಗ್‌ಗೆಂದೇ ಹೊಲಿಯುವ ಚಡ್ಡಿ, ಅಂದರೆ ಬೋರ್ಡ್‌ಶಾರ್ಟ್ಸ್, ತೊಡೆ ಮುಚ್ಚುವುದು, ಸೊಂಟಕ್ಕೆ ಲಾಡಿ ಇರುವುದು ಸುಮ್ಮನೆ ಅಲ್ಲ. ಆದರೆ ಅದು ಬಹಳ ಕಾಲ ಗಂಡಸರ ಅಳತೆಯಲ್ಲೇ ಇತ್ತು. ಸರ್ಫಿಂಗ್ ಬಟ್ಟೆಯ ಕ್ವಿಕ್‌ಸಿಲ್ವರ್ ಕಂಪನಿ ಹೆಂಗಸರಿಗೆಂದೇ ರಾಕ್ಸಿ ಬ್ರಾಂಡ್ ಶುರುಮಾಡಿದ್ದು 1990ರಲ್ಲಿ. 1994ರಿಂದ 1997ರವರೆಗೆ ಸತತ ನಾಲ್ಕು ಸಲ ಸರ್ಫಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ ಲೀಸಾ ಆಂಡರ್ಸನ್ ಹೆಂಗಸರ ಬೋರ್ಡ್‌ಶಾರ್ಟ್ಸ್ ತೊಟ್ಟ ಮೇಲೆ ಅದು ಸಮುದ್ರವೇ ಇಲ್ಲದ ಊರಿನ ಅಂಗಡಿಗಳಿಗೂ ಬಂತು. ಬಂದದ್ದು ಅಂದ ಮಾತ್ರ, ಕೆಲಸ ಹಿಂದೆಯೇ ಉಳಿಯಿತು. ಮಾಲ್‌ನಲ್ಲಿ ಚೆಂದದ ಹೂವಿನ ಶಾರ್ಟ್ಸ್ ಕಂಡರೆ ಲಾಡಿ ಎಳೆದು ನೋಡು. ಎಷ್ಟೋ ಸಲ ಅದು ಸೊಂಟದ ಸುತ್ತ ಹೋಗಿರುವುದೇ ಇಲ್ಲ, ಮುಂದುಗಡೆ ಎರಡು ತುಂಡು ಹೊಲಿದಿರುತ್ತಾರೆ.

ಸಮುದ್ರದ ಪಕ್ಕವೇ ಬೆಳೆದೂ ನಾವು ಮೊಣಕಾಲಿನಾಚೆ ನೀರಿಗಿಳಿಯಲಿಲ್ಲ. ಒದ್ದೆ ಲಂಗ ಮೈಗಂಟುತ್ತದೆ, ಯಾರಾದರೂ ನೋಡುತ್ತಾರೆ ಎನ್ನುವ ಇದೇ ಭಯ. ಆ ಕೊರಗು ಇನ್ನೂ ಹೋಗಿಲ್ಲ. ಮಣಿಪಾಲಕ್ಕೆ ಓದಲು ಬಂದ ಇಶಿತಾ ಮಾಳವೀಯ 2007ರಲ್ಲಿ ಹಲಗೆ ಹತ್ತಿ, ಕೋಡಿ ಬೆಂಗ್ರೆಯಲ್ಲಿ ಬೇರೆಯವರಿಗೂ ಕಲಿಸಿದಳು. ಅವಳಿಗೂ ದಡದಲ್ಲಿ ಜನ ಇದ್ದೇ ಇದ್ದರು.

ಬುದ್ಧಿ ಹೇಳುವುದು ಜಾಸ್ತಿಯಾಯಿತೇನೋ. ಆದರೂ ಕೇಳು. ಮೇಲಕ್ಕೆ ತುಂಬುತೋಳಿನ ರಾಶ್‌ಗಾರ್ಡ್ ತಗೋ, ಮೈಗಂಟುವ ಈಜಿನ ಅಂಗಿ ಅದು, ನೂರಕ್ಕೆ ನೈಲಾನ್ 80, ಹಿಗ್ಗುವ ನೂಲಾದ ಸ್ಪ್ಯಾಂಡೆಕ್ಸ್ 20ರ ಹತ್ತಿರದ್ದು. ಜಿಪ್ ಮುಂದುಗಡೆ ಬೇಡ, ಹಲಗೆ ಮೇಲೆ ಬೋರಲು ಮಲಗಿದಾಗ ಎದೆಗೆ ಒತ್ತುತ್ತದೆ. ಹೊಲಿಗೆ ಫ್ಲಾಟ್‌ಲಾಕ್, ಅಂದರೆ ಚಪ್ಪಟೆಯಾಗಿ ಕೂರುವಂಥದ್ದು ಇರಲಿ, ಒಳಗೆ ಉಬ್ಬಿದ ಹೊಲಿಗೆ ಕಂಕುಳು ಸುಲಿಯುತ್ತದೆ. ಮುಖ್ಯವಾಗಿ, ಅದರ ಕೆಳ ಅಂಚಿನ ಮುಂಭಾಗದಲ್ಲಿ ಒಳಗೆ ಒಂದು ಸಣ್ಣ ಕುಣಿಕೆ ಇರಬೇಕು. ಕೆಳಗಿನ ಲೆಗ್ಗಿಂಗ್ಸ್‌ನ ಲಾಡಿಯನ್ನು ಅದರೊಳಗೆ ತೂರಿಸಿ ಗಂಟು ಹಾಕಿದರೆ ಮೇಲಿನದು ಏರುವುದಿಲ್ಲ, ಕೆಳಗಿನದು ಇಳಿಯುವುದಿಲ್ಲ. ನಿನ್ನ ಭಯಕ್ಕೆ ನನ್ನ ಹತ್ತಿರ ಇರುವ ಉತ್ತರ ಆ ಕುಣಿಕೆ.

ಕೊಂಡ ಮೇಲೆ ಬಚ್ಚಲಲ್ಲೇ ಪರೀಕ್ಷೆ ಮಾಡು. ಬಟ್ಟೆ ತೊಟ್ಟು ಎರಡು ಬಕೆಟ್ ನೀರು ಸುರಿದುಕೊಂಡು, ಕೈ ಎರಡೂ ಮೇಲೆತ್ತು. ಆಮೇಲೆ ಒಣ ನೆಲದಲ್ಲಿ ಬೋರಲು ಮಲಗಿ, ಈಜುವ ಹಾಗೆ ಕೈ ಬೀಸಿ, ಛಂಗನೆ ಎದ್ದು ನಿಲ್ಲು. ಹೀಗೆ ಹತ್ತು ಸಲ. ಹೊಕ್ಕುಳು ಕಂಡರೆ ಆ ಬಟ್ಟೆ ಬೇಡ. ತಿಳಿ ಬಣ್ಣದ್ದಾದರೆ ಒದ್ದೆಯಿರುವಾಗಲೇ ಬಿಸಿಲಿಗೆ ಹಿಡಿದು ನೋಡು, ಕೈ ಆಚೆಯಿಂದ ಕಂಡರೆ ಅಸ್ತರಿ ಬೇಕು. ನಮ್ಮ ಕಡಲು ಬೆಚ್ಚಗಿರುತ್ತದೆ, ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ದಪ್ಪ ವೆಟ್‌ಸೂಟ್‌ಗೆ ದುಡ್ಡು ಸುರಿಯಬೇಡ. ಮಳೆಗಾಲದಲ್ಲಂತೂ ಕಲಿಯಲು ಇಳಿಯಬೇಡ. ಬಳೆ, ಸರ ಮನೆಯಲ್ಲೇ ಇರಲಿ.

ಅಂಗಡಿಯದು ಸರಿಬರದಿದ್ದರೆ ಎದೆ, ಸೊಂಟ, ಕುಂಡೆ, ತೋಳಿನ ಉದ್ದ ಅಳೆದು ಕಳಿಸು. ಟೇಪು ಬಿಗಿ ಹಿಡಿಯಬೇಡ, ಇದ್ದ ಅಳತೆಯನ್ನೇ ಬರೆ. ಬಟ್ಟೆಯ ಎಳೆತ ನೋಡಿ ನೂರಕ್ಕೆ ಹತ್ತು ಭಾಗ ಕಡಿಮೆ ಮಾಡುವುದು ನನಗಿರಲಿ. ಕುಣಿಕೆ ಎರಡು ಹಾಕುತ್ತೇನೆ.

ನಿನ್ನ ದೊಡ್ಡಮ್ಮ